ಎಡದ ತೋಳೋ, ಬಲದ ತೋಳೋ?

ಕನ್ನಡ ಸಂಘದ ಕಾರ್ಯದರ್ಶಿಗಳು ಮೂರು ಸಲ ಫೋನು ಮಾಡಿದರು. "ನೀವು ಹಳೆಯ ಸದಸ್ಯರು, ಏನಾದರೂ ಬರೆದುಕೊಡಿ, ಕತೆಯೋ ಕವಿತೆಯೋ" ಎಂದರು. ಕತೆ ಕಟ್ಟುವ ಕಲೆ ನನಗೆ ಬಾರದು. ಕವಿತೆಯನ್ನು ಒಂದೇ ಒಂದು ಸಲ ಬರೆದಿದ್ದೆ. ಅದನ್ನು ಓದಿದ ನಮ್ಮ ಪ್ರೊಫೆಸರು ಏನೂ ಹೇಳದೆ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ಆದ್ದರಿಂದ ಈಗ ಓದುತ್ತಿರುವ ಓದಿನ ಬಗ್ಗೆಯೇ ಬರೆಯುತ್ತೇನೆ. ಇದು ಸಾಹಿತ್ಯವಲ್ಲ ಎಂದು ಮೂಗು ಮುರಿಯುವವರು ಪುಟ ಮಗುಚಿ ಮುಂದೆ ಹೋಗಬಹುದು. ಮುಂದಿನ ಪುಟದಲ್ಲಿ ಕವಿತೆ ಇದ್ದೇ ಇರುತ್ತದೆ.

ಬಿ.ಎಸ್ಸಿ. ಮುಗಿಸಿದ ಮೇಲೆ ನಾನು ಸೇರಿದ್ದು ಎರಡು ವರ್ಷದ ಎಂ.ಎಸ್ಸಿ.ಗೆ. ವಿಷಯ ಕ್ಲಿನಿಕಲ್ ರಿಸರ್ಚ್, ಅಂದರೆ ರೋಗಿಗಳ ಮೇಲೆ ಔಷಧ ಪರೀಕ್ಷಿಸಿ ನೋಡುವ ವಿದ್ಯೆ. ಅದರ ಜೊತೆಗೊಂದು ಪೇಪರು, ಟ್ರಾನ್ಸ್‌ಲೇಷನಲ್ ರಿಸರ್ಚ್ ಅಂತ. ಮನೆಯಲ್ಲಿ ಗೊಂದಲ ಎದ್ದದ್ದೇ ಈ ಹೆಸರಿನಿಂದ. ನಮ್ಮ ಅಪ್ಪ ಕುಂದಾಪುರದ ಕಡೆಯಿಂದ ಹನ್ನೆರಡನೆಯ ವಯಸ್ಸಿಗೆ ಮುಂಬಯಿಗೆ ಬಂದು, ಕೋಟೆಯ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ಕನ್ನಡ ರಾತ್ರಿಶಾಲೆಯಲ್ಲಿ ಓದಿ, ಕೊನೆಗೆ ಗಲ್ಲೆಯಲ್ಲಿ ಕೂತವರು. ಟ್ರಾನ್ಸ್‌ಲೇಷನ್ ಎಂದರೆ ಭಾಷಾಂತರ ಎಂಬಷ್ಟು ಇಂಗ್ಲಿಷು ಅವರಿಗೆ ಬರುತ್ತದೆ. ಭಾಂಡುಪಿನ ನಮ್ಮ ಚಾಳಿನಲ್ಲೆಲ್ಲ "ಮಗಳು ಭಾಷಾಂತರದಲ್ಲಿ ಎಂ.ಎಸ್ಸಿ. ಮಾಡ್ತಾ ಇದ್ದಾಳೆ" ಎಂದು ಹೇಳಿಬಿಟ್ಟಿದ್ದರು. ಪಕ್ಕದ ಮನೆಯ ಮಾಮಿ ನನ್ನನ್ನು ತಡೆದು ನಿಲ್ಲಿಸಿ, ಮರಾಠಿಯಿಂದ ಕನ್ನಡಕ್ಕೋ, ಕನ್ನಡದಿಂದ ಮರಾಠಿಗೋ ಎಂದು ಕೇಳಿದರು.

"ಅದಲ್ಲ ಅಪ್ಪಾ, ಇಲಿಯಿಂದ ಮನುಷ್ಯರಿಗೆ" ಎಂದೆ ಆ ರಾತ್ರಿ.

"ಇಲಿಯ ಭಾಷೆ ನಿನಗೆ ಯಾವಾಗ ಬಂತು ಮಾರಾಯ್ತಿ?" ಎಂದರು ಅಪ್ಪ.

ನಗುವ ಮಾತು ಬಿಡಿ. ಆ ಪೇಪರಿನ ತಾತ್ಪರ್ಯ ಇಷ್ಟೆ: ಪ್ರಯೋಗಾಲಯದ ಗಾಜಿನ ನಳಿಗೆಯಲ್ಲಿ ಕಂಡದ್ದನ್ನು ರೋಗಿಯ ಹಾಸಿಗೆಯ ತನಕ ತರುವುದು, ಹಾಸಿಗೆಯ ಹತ್ತಿರ ಕಲಿತದ್ದನ್ನು ಮತ್ತೆ ಪ್ರಯೋಗಾಲಯಕ್ಕೆ ಒಯ್ಯುವುದು. ನಮ್ಮ ಊರಿನದೇ ಉದಾಹರಣೆ ಬೇಕಾದರೆ ಪೊವಾಯಿ ಐ.ಐ.ಟಿ.ಯದು ಇದೆ. ರೋಗಿಯ ರಕ್ತದಿಂದಲೇ ಒಂದು ಜಾತಿಯ ಜೀವಕೋಶಗಳನ್ನು ತೆಗೆದು, ಕ್ಯಾನ್ಸರಿನ ಕೋಶವನ್ನು ಗುರುತು ಹಿಡಿಯುವ ಹಾಗೆ ಅವುಗಳ ಜೀನನ್ನು ತಿದ್ದಿ, ಮತ್ತೆ ಅದೇ ರೋಗಿಯ ಮೈಗೆ ಏರಿಸುವ ಚಿಕಿತ್ಸೆ ಅಲ್ಲಿ ಹುಟ್ಟಿತು. 2021ರ ಜೂನಿನಲ್ಲಿ ಖಾರಘರದ ಟಾಟಾ ಕೇಂದ್ರದಲ್ಲಿ ಮೊದಲ ರೋಗಿಗೆ ಅದನ್ನು ಕೊಟ್ಟರು. 2023ರ ಅಕ್ಟೋಬರಿನಲ್ಲಿ ಸರಕಾರದ ಪರವಾನಗಿ ಸಿಕ್ಕಿತು. ಪೊವಾಯಿಯಿಂದ ಖಾರಘರಕ್ಕೆ ಟ್ಯಾಕ್ಸಿಯಲ್ಲಿ ಒಂದು ತಾಸು, ಒಂದೂವರೆ ತಾಸು. ಔಷಧಕ್ಕೆ ವರ್ಷಗಟ್ಟಲೆ ಹಿಡಿಯಿತು. ಆ ವರ್ಷಗಳಲ್ಲಿ ಏನೇನು ನಡೆಯಬೇಕು ಎಂಬುದೇ ನಮ್ಮ ಎರಡು ವರ್ಷದ ಪಾಠ.

ಪರೇಲಿನ ಬೀದಿಗಳಲ್ಲಿ ನಡೆದರೆ ಅರ್ಧ ಪಾಠ ಕಾಲಡಿಯಲ್ಲೇ ಸಿಗುತ್ತದೆ. ಕೆ.ಇ.ಎಂ. ಆಸ್ಪತ್ರೆ, ಟಾಟಾ ಮೆಮೋರಿಯಲ್, ಹಾಫ್ಕಿನ್ ಸಂಸ್ಥೆ, ಎಲ್ಲ ಒಂದು ಸುತ್ತಿನೊಳಗೆ. ಹಾಫ್ಕಿನ್ ಎಂಬ ಮನುಷ್ಯ ಪ್ಲೇಗಿನ ಲಸಿಕೆ ತಯಾರಿಸಿ 1897ರ ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಆ ತಿಂಗಳ ಕೊನೆಯಲ್ಲಿ ಭಾಯಖಳಾ ಜೈಲಿನಲ್ಲಿ ಪ್ಲೇಗು ಕಾಣಿಸಿತು. ಖೈದಿಗಳಲ್ಲಿ ಮುಂದೆ ಬಂದವರಿಗೆ ಲಸಿಕೆ ಹಾಕಿದರು, ಉಳಿದವರನ್ನು ಹಾಗೇ ಬಿಟ್ಟು ಎರಡು ಗುಂಪನ್ನೂ ಹೋಲಿಸಿ ನೋಡಿದರು. ಲಸಿಕೆ ಹಾಕಿಸಿಕೊಂಡವರಲ್ಲಿ ರೋಗ ಕಡಿಮೆ. ಈ ಕತೆಯನ್ನು ತರಗತಿಯಲ್ಲಿ ಹೇಳಿದ ನಮ್ಮ ಮೇಡಂ ಕೊನೆಗೆ ಒಂದು ಪ್ರಶ್ನೆ ಇಟ್ಟರು: ಜೈಲಿನ ಒಳಗಿರುವವನು "ಹೂಂ" ಎಂದರೆ ಅದು ಒಪ್ಪಿಗೆಯೇ? ನನ್ನ ತಲೆಯಲ್ಲಿ ಬೇರೊಂದು ಪ್ರಶ್ನೆ ಓಡುತ್ತಿತ್ತು. ಒಡೆಸ್ಸಾದಲ್ಲಿ ಹುಟ್ಟಿ, ಪ್ಯಾರಿಸಿನಲ್ಲಿ ಕೆಲಸ ಮಾಡಿ ಬಂದ ಈತ ಮುಂಬಯಿಯ ಖೈದಿಗಳನ್ನು ಯಾವ ಭಾಷೆಯಲ್ಲಿ ಕೇಳಿದ? ನಡುವೆ ನಿಂತು ಹೇಳಿದವರು ಯಾರು, ಏನು ಹೇಳಿದರು? ಆಗ ಅದು ಬರೀ ಕುತೂಹಲ. ಮುಂದೆ ಆ ನಡುವಿನ ಜಾಗದಲ್ಲಿ ನಾನೇ ನಿಲ್ಲಬೇಕಾಗುತ್ತದೆ ಎಂದು ಅಂದುಕೊಂಡಿರಲಿಲ್ಲ.

ಕೆ.ಇ.ಎಂ.ನದು ಇನ್ನೊಂದು ಬಗೆಯ ಕತೆ. ನಮ್ಮ ಅಜ್ಜಿಯಂದಿರಿಗೆ ಗೊತ್ತಿದ್ದ ಸರ್ಪಗಂಧಿಯ ಬೇರನ್ನು ಡಾಕ್ಟರ್ ರುಸ್ತುಮ್ ಜಾಲ್ ವಕೀಲರು ರಕ್ತದ ಒತ್ತಡ ಏರಿದ 50 ರೋಗಿಗಳಿಗೆ ಕೊಟ್ಟು, ಅಳೆದು, ಬರೆದಿಟ್ಟು, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲಿನಲ್ಲಿ ಪ್ರಕಟಿಸಿದರು. ಆಮೇಲೆ ಲೋಕವೆಲ್ಲ ಆ ಬೇರಿನ ಕಡೆ ತಿರುಗಿತು; 1952ರಲ್ಲಿ ಸ್ವಿಸ್ ವಿಜ್ಞಾನಿಗಳು ಅದರ ಸತ್ವವನ್ನು ಬೇರ್ಪಡಿಸಿ ತೆಗೆದರು. ಅಜ್ಜಿಗೂ ವಕೀಲರಿಗೂ ಇದ್ದ ವ್ಯತ್ಯಾಸ ಅಳೆದು ಬರೆದಿಟ್ಟದ್ದು. ನಮಗೆ ಕಲಿಸುವುದೂ ಹೆಚ್ಚಾಗಿ ಅದನ್ನೇ, ಬರೆದಿಡುವುದನ್ನು. ಪ್ರತಿ ರೋಗಿಗೂ ಒಂದು ದಪ್ಪ ಕಡತ. ರೋಗಿಯ ಹೆಸರು ಹೊರಗೆ ಹೋಗಕೂಡದು, ಸಂಖ್ಯೆ ಮಾತ್ರ. ಗಂಭೀರ ತೊಂದರೆ ಏನಾದರೂ ಆದರೆ ಇಪ್ಪತ್ತನಾಲ್ಕು ತಾಸಿನೊಳಗೆ ವರದಿ. ಬರೆಯುವಾಗ ತಪ್ಪಿದರೆ ಬಿಳಿ ಶಾಯಿ ಬಳಿಯುವಂತಿಲ್ಲ, ರಬ್ಬರು ಮುಟ್ಟುವಂತಿಲ್ಲ. ತಪ್ಪಾದ ಮಾತಿನ ಮೇಲೆ ಒಂದೇ ಗೆರೆ ಎಳೆದು, ಅದು ಓದಲು ಸಿಗುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮತ್ತು ತಾರೀಖು ಹಾಕಬೇಕು. ಶಾಲೆಯಲ್ಲಿ ತಪ್ಪನ್ನು ಗೀಚಿ ಗೀಚಿ ಕಪ್ಪು ಮಾಡಿ ಅಭ್ಯಾಸವಾದ ನನ್ನಂಥವಳಿಗೆ ಈ ಒಂದು ನಿಯಮ ಅಂಕಗಣಿತಕ್ಕಿಂತ ಕಷ್ಟವಾಯಿತು.

ಇನ್ನೊಂದು ಪಾಠವನ್ನು ಹೇಳದೆ ಮುಂದೆ ಹೋಗುವಂತಿಲ್ಲ, ಯಾಕೆಂದರೆ ನಾನು ಎಡವಿದ್ದು ಅಲ್ಲೇ. ಎರಡು ಚಿಕಿತ್ಸೆಗಳನ್ನು ಹೋಲಿಸುವಾಗ ಯಾರಿಗೆ ಯಾವುದು ಎಂದು ಡಾಕ್ಟರು ಆರಿಸಕೂಡದು. ಆರಿಸಿದರೆ ಗಟ್ಟಿಮುಟ್ಟಾದವರೆಲ್ಲ ಅವರಿಗೆ ಇಷ್ಟವಾದ ಔಷಧದ ಕಡೆ ಸೇರುತ್ತಾರೆ. ಆಮೇಲೆ ಗೆದ್ದದ್ದು ಔಷಧವೋ ರೋಗಿಯ ಮೈಯೋ ತಿಳಿಯುವುದಿಲ್ಲ. ಅದಕ್ಕೇ ಕಂಪ್ಯೂಟರು ಯಾವ ಲೆಕ್ಕಾಚಾರವೂ ಇಲ್ಲದೆ, ಯಾರ ಮುಖವನ್ನೂ ನೋಡದೆ ಹಂಚುತ್ತದೆ. ಹೀಗೆ ಹಂಚುವುದು ನ್ಯಾಯವಾಗುವುದು ಒಂದೇ ಸಂದರ್ಭದಲ್ಲಿ: ಎರಡರಲ್ಲಿ ಯಾವುದು ಮೇಲು ಎಂದು ನಿಜವಾಗಿಯೂ ಯಾರಿಗೂ ಗೊತ್ತಿಲ್ಲದಿರುವಾಗ.

ಗೊತ್ತಿಲ್ಲದಿರುವುದು ಎಂದರೆ ಏನು ಎನ್ನುವುದಕ್ಕೆ ಮೇಡಂ ಟಾಟಾ ಮೆಮೋರಿಯಲ್ಲಿನ ಒಂದು ಪರೀಕ್ಷೆಯನ್ನು ಹೇಳಿದರು. ಬಾಯಿ-ಗಂಟಲಿನ ಕ್ಯಾನ್ಸರಿಗೆ ವಿಕಿರಣದ ಜೊತೆ ಸಿಸ್‌ಪ್ಲಾಟಿನ್ ಎಂಬ ಔಷಧ ಕೊಡುತ್ತಾರೆ. ಮೂರು ವಾರಕ್ಕೊಮ್ಮೆ ದೊಡ್ಡ ಪ್ರಮಾಣ ಕೊಟ್ಟರೆ ರೋಗಿ ಸುಸ್ತಾಗುತ್ತಾನೆ ಎಂದು ವಾರಕ್ಕೊಮ್ಮೆ ಸಣ್ಣ ಪ್ರಮಾಣ ಕೊಡುವ ರೂಢಿ ಬೆಳೆದಿತ್ತು. ನೋಡಿದರೆ ದಯೆಯ ದಾರಿ. 300 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಫಲಿತಾಂಶ 2018ರಲ್ಲಿ ಬಂತು. ಎರಡು ವರ್ಷದ ನಂತರ ರೋಗ ಇದ್ದ ಜಾಗದಲ್ಲಿ ಹತೋಟಿಯಲ್ಲಿದ್ದದ್ದು ಮೂರು ವಾರದ ಗುಂಪಿನಲ್ಲಿ ನೂರಕ್ಕೆ 73, ವಾರದ ಗುಂಪಿನಲ್ಲಿ 58 ಚಿಲ್ಲರೆ. ಮೈಗೆ ತ್ರಾಸು ಕೊಟ್ಟ ದಾರಿಯೇ ರೋಗವನ್ನು ಹೆಚ್ಚು ಹಿಡಿದಿಟ್ಟಿತ್ತು. "ನಿಮ್ಮ ಮರುಕವನ್ನೂ ಪರೀಕ್ಷೆಗೆ ಹಾಕಿ ನೋಡಬೇಕು" ಎಂದರು ಮೇಡಂ. ನಾನು ನೋಟ್ಸಿನಲ್ಲಿ ಚೆನ್ನಾಗಿ ಬರೆದುಕೊಂಡೆ. ಪರೀಕ್ಷೆಯಲ್ಲಿ ಅದಕ್ಕೆ ಎಂಟು ಅಂಕವೂ ಬಂತು.

ಎರಡನೆಯ ವರ್ಷ ನಮ್ಮನ್ನು ಆಸ್ಪತ್ರೆಗಳಿಗೆ ಹಂಚಿದರು. ನನ್ನ ಪಾಲಿಗೆ ಬಂದ ಆಸ್ಪತ್ರೆಯ ಹೆಸರು ಬೇಡ, ಯಾವ ಔಷಧ ಎಂಬುದನ್ನೂ ಬರೆಯುವಂತಿಲ್ಲ. ಸ್ತನ ಕ್ಯಾನ್ಸರಿನ ರೋಗಿಗಳ ಮೇಲೆ ಎರಡು ಬಗೆಯ ಚಿಕಿತ್ಸೆಯನ್ನು ಹೋಲಿಸುವ ಪರೀಕ್ಷೆ ಎಂದರೆ ಸಾಕು. ನನ್ನ ಕೆಲಸ ಕಡತ ಜೋಡಿಸುವುದು, ತಾರೀಖು ನೋಡುವುದು, ಫೋನು ಮಾಡುವುದು. ಒಂದು ಶುಕ್ರವಾರ ಮಧ್ಯಾಹ್ನ ಅಲ್ಲಿನ ದೀದಿ ಓಡಿ ಬಂದು, "ನಿನಗೆ ಕನ್ನಡ ಬರುತ್ತದಲ್ಲ? ಬಾ, ಒಬ್ಬರೂ ಸಿಗುತ್ತಿಲ್ಲ" ಎಂದು ಕರೆದೊಯ್ದರು.

ಒಳಗೆ ವಿಜಾಪುರ ಕಡೆಯ ಗಂಡ ಹೆಂಡತಿ ಕೂತಿದ್ದರು. ಮಗ ಠಾಣೆಯಲ್ಲಿ ಕಟ್ಟಡದ ಕೆಲಸದವನು. ಅವತ್ತು ರಜೆ ಸಿಕ್ಕಿರಲಿಲ್ಲ. ಆಕೆಗೆ ಐವತ್ತರ ಹತ್ತಿರ ವಯಸ್ಸು, ಶಸ್ತ್ರಚಿಕಿತ್ಸೆ ಆಗಿತ್ತು, ಎಡಗೈ ಬಾತಿತ್ತು. ಆಕೆಯನ್ನು ಅವ್ವ ಎಂದೇ ಬರೆಯುತ್ತೇನೆ, ನಾನು ಕರೆದದ್ದೂ ಹಾಗೇ. ದೀದಿ ನನ್ನ ಕೈಗೆ ಹದಿನಾಲ್ಕು ಪುಟದ ಒಪ್ಪಿಗೆ ಪತ್ರ ಕೊಟ್ಟು, "ಓದಿ ಹೇಳು, ಅರ್ಥವಾಯಿತೇ ಅಂತ ಕೇಳು, ಆಮೇಲೆ ಹೆಬ್ಬೆಟ್ಟು" ಎಂದರು.

ಈ ಒಪ್ಪಿಗೆ ಪತ್ರ ಸಣ್ಣ ಸಂಗತಿಯಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನಿಯ ಶಿಬಿರಗಳಲ್ಲಿ ಡಾಕ್ಟರುಗಳು ಮನುಷ್ಯರ ಮೇಲೆ ಮಾಡಿದ ಘೋರಗಳ ವಿಚಾರಣೆ ನ್ಯೂರೆಂಬರ್ಗಿನಲ್ಲಿ ನಡೆದು, 1947ರ ತೀರ್ಪಿನಲ್ಲಿ ಬಂದ ಮೊದಲ ಮಾತೇ ಅದು: ಸ್ವಂತ ಇಚ್ಛೆಯ ಒಪ್ಪಿಗೆ ಇಲ್ಲದೆ ಯಾರ ಮೇಲೂ ಪ್ರಯೋಗ ಮಾಡಕೂಡದು. ನಮ್ಮ ದೇಶದ 2019ರ ನಿಯಮಗಳಲ್ಲೂ, ರೋಗಿಗೆ ತಿಳಿಯುವ ಭಾಷೆಯಲ್ಲಿ ಪತ್ರ ಇರಬೇಕು, ಓದಲು ಬಾರದವರ ಜೊತೆ ಪರೀಕ್ಷೆಗೆ ಸಂಬಂಧಪಡದ ಸಾಕ್ಷಿಯೊಬ್ಬರು ಕೂತಿರಬೇಕು, ಪತ್ರದ ಒಂದು ಪ್ರತಿ ರೋಗಿಯ ಕೈಗೆ ಸೇರಬೇಕು ಎಂದಿದೆ. ಎಲ್ಲ ಇತ್ತು. ಪತ್ರ ಕನ್ನಡದಲ್ಲಿತ್ತು. ಸಾಕ್ಷಿಗೆ ಹೊರಗಿನ ಬೆಂಚಿನಿಂದ, ಬೇರೆ ರೋಗಿಯ ಜೊತೆ ಬಂದಿದ್ದ ಕಲಬುರಗಿಯ ಮಾಸ್ತರರೊಬ್ಬರು ಸಿಕ್ಕಿದರು.

ನಾನು ಓದತೊಡಗಿದೆ. "ಈ ವಿಚಾರಣೆಯಲ್ಲಿ ನೀವು ಸ್ವಇಚ್ಛೆಯಿಂದ ಭಾಗವಹಿಸತಕ್ಕದ್ದು..."

ಯಜಮಾನರು ತಟ್ಟನೆ ನೆಟ್ಟಗೆ ಕೂತರು. "ವಿಚಾರಣಿ ಯಾಕವಾ? ನಾವೇನ ಕಳುವು ಮಾಡೀವೇನು?"

ಮಾಸ್ತರರು ನಕ್ಕರು. ನಾನು ಅದನ್ನು ಪರೀಕ್ಷೆ ಎಂದು ತಿದ್ದಿ ಹೇಳಿ ಮುಂದೆ ಹೋದೆ. "ಯಾದೃಚ್ಛಿಕೀಕರಣದ ಮೂಲಕ ನಿಮ್ಮನ್ನು ಎರಡು ತೋಳುಗಳಲ್ಲಿ ಒಂದಕ್ಕೆ ನಿಯೋಜಿಸಲಾಗುವುದು."

ಅವ್ವ ತನ್ನ ಬಾತ ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಳು. "ಯಾವ ತೋಳ ತಂಗಿ? ಎಡದ್ದೋ, ಬಲದ್ದೋ? ಎದಿ ತಗದಾರ. ಇನ್ನ ಕೈನೂ ತಗೀತಾರೇನು?"

ನನಗೆ ಬೆವರು ಬಂತು. ಇಂಗ್ಲಿಷಿನಲ್ಲಿ ಪರೀಕ್ಷೆಯ ಗುಂಪಿಗೆ 'ಆರ್ಮ್' ಎನ್ನುತ್ತಾರೆ. ಪತ್ರವನ್ನು ಕನ್ನಡಕ್ಕೆ ಇಳಿಸಿದ ಪುಣ್ಯಾತ್ಮರು ನಿಘಂಟು ತೆಗೆದು ತೋಳು ಎಂದು ಬರೆದಿದ್ದರು. ಆಮೇಲೆ ಹಳೆಯ ಕಡತ ತೆಗೆದು ನೋಡಿದೆ. ಇಂಥ ಪತ್ರಗಳನ್ನು ಕನ್ನಡಕ್ಕೆ ಇಳಿಸಿದ ಮೇಲೆ, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ ಎರಡನ್ನೂ ಹೋಲಿಸುವ ಪದ್ಧತಿ ಇದೆ. ಹಾಗೆ ತಿರುಗಿಸಿದವರು ತೋಳನ್ನು 'ಆರ್ಮ್' ಎಂದೂ, ವಿಚಾರಣೆಯನ್ನು 'ಟ್ರಯಲ್' ಎಂದೂ ಸರಿಯಾಗಿಯೇ ಬರೆದಿದ್ದರು! ಮೂಲಕ್ಕೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ ಎಂದು ಪ್ರಮಾಣಪತ್ರ. ಹೋಗುವಾಗಲೂ ಬರುವಾಗಲೂ ಸರಿಯಾಗಿದ್ದ ಮಾತು ನಡುವೆ ವಿಜಾಪುರದ ಹೆಂಗಸಿನ ಕೈ ಕತ್ತರಿಸಿತ್ತು. ಭಾಷಾಂತರದ ತರಗತಿಯಲ್ಲಿ ಕೂರುವ ಕನ್ನಡ ಎಂ.ಎ. ಮಿತ್ರರು ಇದನ್ನು ಬೇಕಾದರೆ ಪ್ರಬಂಧದಲ್ಲಿ ಬಳಸಿಕೊಳ್ಳಲಿ, ನನ್ನ ಅಭ್ಯಂತರವಿಲ್ಲ.

ಆ ಹೊತ್ತಿಗೆ ನಾನು ಪತ್ರ ಮಡಚಿಟ್ಟೆ. "ಅವ್ವಾ, ಇದು ಬಿಡ್ರಿ, ನಾನೇ ಹೇಳ್ತೀನಿ" ಎಂದೆ. ನನ್ನದು ಕುಂದಾಪುರದ ಮನೆಮಾತು, ಅದರ ಮೇಲೆ ಮುಂಬಯಿ ನಗರಪಾಲಿಕೆಯ ಕನ್ನಡ ಶಾಲೆಯ ಪುಸ್ತಕದ ಭಾಷೆ. ಆಕೆಯದು ಜೋಳದ ಸೀಮೆಯದು. ಆದರೂ ಹೇಗೋ ಕೈ ಬಾಯಿ ಆಡಿಸಿ ಹೇಳಿದೆ. ಎರಡು ನಮೂನೆಯ ಔಷಧ ಇದೆ, ನಿಮಗೆ ಯಾವುದು ಎಂದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ ಎಂದೆ.

ಚೀಟಿ ಎಂದದ್ದೇ ಆಕೆಯ ಮುಖ ಬಿಚ್ಚಿಕೊಂಡಿತು. "ದೇವರ ಮುಂದ ಎರಡ ಚೀಟಿ ಹಾಕಿ ಕೂಸಿನ ಕೈಲೆ ಎತ್ತಸ್ತೀವಲ್ಲ, ಹಂಗ?"

"ಹೌದವ್ವಾ, ಹಂಗೇ" ಎಂದೆ.

ಇಲ್ಲಿ ನಿಲ್ಲುತ್ತೇನೆ. ಆ "ಹಂಗೇ" ಎಂದ ಹೊತ್ತಿನಲ್ಲೇ ನನಗೆ ಅದು ಹಾಗಲ್ಲ ಎಂದು ಗೊತ್ತಿತ್ತು. ದೇವರ ಮುಂದೆ ಚೀಟಿ ಎತ್ತಿಸುವವರು ಉತ್ತರ ಯಾರಿಗೂ ಗೊತ್ತಿಲ್ಲ ಎಂದು ಎತ್ತಿಸುವುದಿಲ್ಲ, ದೇವರಿಗೆ ಗೊತ್ತಿದೆ ಎಂದು ಎತ್ತಿಸುತ್ತಾರೆ. ಬಂದ ಚೀಟಿಯೇ ಸರಿಯಾದ ಚೀಟಿ. ನಾವು ಹೇಳಬೇಕಾದದ್ದು ಅದರ ಉಲ್ಟಾ: ಯಾವುದು ಮೇಲು ಎಂದು ಡಾಕ್ಟರಿಗೆ ಗೊತ್ತಿಲ್ಲ, ಕಂಪ್ಯೂಟರಿಗಂತೂ ಏನೂ ಗೊತ್ತಿಲ್ಲ, ಅದನ್ನು ತಿಳಿಯುವುದಕ್ಕೇ ನಿಮ್ಮ ಸಹಾಯ ಬೇಡುತ್ತಿದ್ದೇವೆ ಎಂದು. ಈ ವಾಕ್ಯ ಪತ್ರದ ಐದನೆಯ ಪುಟದಲ್ಲಿತ್ತು. ನಾನು ಪತ್ರ ಮಡಚಿಟ್ಟಾಗ ಅದೂ ಮಡಚಿಹೋಯಿತು. ಮತ್ತೆ ತೆಗೆದು ಹೇಳಬಹುದಿತ್ತು. ಹೊರಗೆ ಏಳು ಮಂದಿ ಕಾಯುತ್ತಿದ್ದರು, ಶುಕ್ರವಾರ ಸಂಜೆ, ಆ ತಿಂಗಳು ಪರೀಕ್ಷೆಗೆ ಸೇರಿದವರು ಕಡಿಮೆ ಎಂದು ಎಲ್ಲರ ಮುಖ ಸಪ್ಪೆ. ಎಲ್ಲಕ್ಕಿಂತ ಹೆಚ್ಚಾಗಿ, ಭಯದಿಂದ ಕೈ ಹಿಡಿದುಕೊಂಡಿದ್ದ ಆಕೆ ಈಗ ನಗುತ್ತಿದ್ದಳು. ಆ ನಗುವನ್ನು ಕೆಡಿಸುವ ಮನಸ್ಸು ನನಗಾಗಲಿಲ್ಲ. ಮರುಕ ಎಂದು ಆಗ ಅಂದುಕೊಂಡೆ.

ಅವ್ವ ಹೆಬ್ಬೆಟ್ಟು ಒತ್ತಿದಳು. ಮಾಸ್ತರರು ಸಹಿ ಹಾಕಿದರು. ಪತ್ರದ ಪ್ರತಿಯನ್ನು ಯಜಮಾನರು ರೇಶನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡರು. ದೀದಿ ನನ್ನ ಬೆನ್ನು ತಟ್ಟಿದರು.

ಎರಡು ತಿಂಗಳು ಕಳೆಯಿತು. ಅವ್ವ ದಾದರಿನ ಒಂದು ಧರ್ಮಶಾಲೆಯಲ್ಲಿದ್ದಳು. ಅಲ್ಲೇ ಇನ್ನೊಬ್ಬ ಹೆಂಗಸು ಇದೇ ಪರೀಕ್ಷೆಯ ಇನ್ನೊಂದು ಗುಂಪಿನಲ್ಲಿದ್ದಳು. ಆಕೆ ಊಟ ಮಾಡುತ್ತಾಳೆ, ಅವ್ವನಿಗೆ ತುತ್ತು ಸೇರದು. ಆಕೆಯ ಕೂದಲು ಇನ್ನೂ ಇದೆ, ಅವ್ವನ ಸೆರಗಿನಡಿ ತಲೆ ಬೋಳು. ಇವೆಲ್ಲ ಪತ್ರದಲ್ಲಿ ಬರೆದಿದ್ದ ಅಡ್ಡಪರಿಣಾಮಗಳೇ, ಅದನ್ನು ಹೇಳಿಯೂ ಇದ್ದೆ. ಒಂದು ದಿನ ರಕ್ತ ಕೊಡಲು ಬಂದವಳು ನನ್ನ ಪಕ್ಕ ಕೂತು ಮೆತ್ತಗೆ ಹೇಳಿದಳು: "ತ್ರಾಸ ಆದ್ರ ಆಗಲಿ ತಂಗಿ. ದೇವರ ಚೀಟಿ ಐತಿ, ನನಗ ಇದ ಛಲೋ ಅಂತ ಅಂವಗ ಗೊತ್ತೈತಿ. ನೀನ ಹೇಳಿದ್ದಿ."

ಜಗಳ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

1982ರಲ್ಲಿ ಅಮೆರಿಕದ ಆಪಲ್‌ಬಾಮ್ ಮತ್ತು ಅವರ ಜೊತೆಗಾರರು ಈ ಬಗೆಯ ತಪ್ಪು ತಿಳಿವಳಿಕೆಗೆ ಒಂದು ಹೆಸರಿಟ್ಟರು. ಪರೀಕ್ಷೆಗೆ ಸೇರಿದ ರೋಗಿಗಳು, ಇದೆಲ್ಲ ತಮಗೆಂದೇ ಆರಿಸಿದ ಚಿಕಿತ್ಸೆ ಎಂದು ನಂಬಿಕೊಳ್ಳುತ್ತಾರೆ ಎಂಬುದು ಅದರ ಸಾರ. ಪುಸ್ತಕದಲ್ಲಿ ಅದು ರೋಗಿಯ ತಪ್ಪು ಎಂಬ ಧಾಟಿಯಲ್ಲಿ ಓದಿಕೊಂಡಿದ್ದೆ. ಇಲ್ಲಿ ಅದನ್ನು ಹುಟ್ಟಿಸಿದವಳು ಎಂಟು ಅಂಕ ತೆಗೆದುಕೊಂಡ ನಾನು.

ಎರಡು ರಾತ್ರಿ ನಿದ್ದೆ ಬರಲಿಲ್ಲ. ಭಾಂಡುಪಿನಿಂದ ಪರೇಲಿಗೆ ಸ್ಲೋ ಗಾಡಿಯಲ್ಲಿ ನಿಂತು ಹೋಗುವಾಗೆಲ್ಲ, ಸುಮ್ಮನಿದ್ದರೆ ಯಾರಿಗೆ ತಿಳಿಯುತ್ತದೆ ಎಂಬ ಲೆಕ್ಕವೇ. ಹೆಬ್ಬೆಟ್ಟಿದೆ, ಸಾಕ್ಷಿಯಿದೆ, ತಾರೀಖಿದೆ. ಕಡತ ಅಚ್ಚುಕಟ್ಟು. ಮೂರನೆಯ ದಿನ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೂರ್ತಿ ಕೇಳಿ, ಒಂದು ಹಾಳೆ ಮುಂದಿಟ್ಟು, "ಏನು ಹೇಳಬೇಕಾಗಿತ್ತು, ಏನು ಹೇಳಿದೆ, ಎರಡನ್ನೂ ಬರೆ. ಸಮಿತಿಗೆ ಕಳಿಸೋಣ. ಆಮೇಲೆ ಹೋಗಿ ಆಕೆಗೆ ಸರಿಯಾಗಿ ಹೇಳು. ಹೇಳಿದ ಮೇಲೆ ಬಿಡುತ್ತೇನೆ ಅಂದರೆ ಬಿಡಲಿ" ಎಂದರು. ಸಮಿತಿ ಎಂದರೆ ಪ್ರತಿ ಪರೀಕ್ಷೆಯ ನ್ಯಾಯ ಅನ್ಯಾಯ ನೋಡುವ ಎಥಿಕ್ಸ್ ಸಮಿತಿ. ಅದರಲ್ಲಿ ಡಾಕ್ಟರುಗಳಲ್ಲದೆ ವಕೀಲರು, ಸಾಮಾನ್ಯ ನಾಗರಿಕರು ಕೂಡ ಇರಬೇಕೆಂಬುದು ನಿಯಮ. ಸ್ವಲ್ಪ ಹೊತ್ತು ಬಿಟ್ಟು ಮೇಡಂ, "ದೊಡ್ಡವರ ಪರೀಕ್ಷೆಗಳಲ್ಲೂ ಈ ಪ್ರಶ್ನೆ ಎದ್ದದ್ದು ಗೊತ್ತಲ್ಲ?" ಎಂದರು.

ಗೊತ್ತಿತ್ತು. 1998ರಲ್ಲಿ ಟಾಟಾದವರು ಮುಂಬಯಿಯ ಕೊಳೆಗೇರಿಗಳಲ್ಲಿ ಒಂದೂವರೆ ಲಕ್ಷ ಹೆಂಗಸರ ಮೇಲೆ ಶುರುಮಾಡಿದ ಪರೀಕ್ಷೆ ಅದು. ಹತ್ತನೆಯ ತರಗತಿ ಓದಿದ ಹುಡುಗಿಯರಿಗೆ ತರಬೇತಿ ಕೊಟ್ಟು, ಹತ್ತಿಯಲ್ಲಿ ವಿನೆಗರ್ ಅದ್ದಿ ಗರ್ಭಕೊರಳನ್ನು ತಪಾಸಣೆ ಮಾಡುವುದನ್ನು ಕಲಿಸಿದರು. ಅರ್ಧ ಬಸ್ತಿಗಳಲ್ಲಿ ತಪಾಸಣೆ. ಇನ್ನರ್ಧದಲ್ಲಿ ಕ್ಯಾನ್ಸರಿನ ಬಗ್ಗೆ ತಿಳಿವಳಿಕೆ ಮಾತ್ರ. ತಪಾಸಣೆಯಾದ ಕಡೆ ಗರ್ಭಕೊರಳಿನ ಕ್ಯಾನ್ಸರಿನ ಸಾವು ನೂರಕ್ಕೆ 31ರಷ್ಟು ಕಡಿಮೆಯಾಯಿತು ಎಂದು 2013ರಲ್ಲಿ ಪ್ರಕಟವಾದಾಗ ಲೋಕವೆಲ್ಲ ಹೊಗಳಿತು. ಬಡ ದೇಶಗಳಿಗೆ ಇದೊಂದು ಅಗ್ಗದ ದಾರಿ. ಜೊತೆಗೇ, ಉಳಿದ ಅರ್ಧ ಹೆಂಗಸರಿಗೆ ತಪಾಸಣೆ ಕೊಡದೆ ಇಷ್ಟು ವರ್ಷ ಬರೀ ನೋಡುತ್ತ ಕೂತದ್ದು ಸರಿಯೇ, ಅವರಿಗೆ ಎಲ್ಲ ತಿಳಿಸಿ ಹೇಳಿದ್ದರೇ ಎಂಬ ಪ್ರಶ್ನೆಯೂ ಎದ್ದಿತು. ಆಗ ಅಂಥ ತಪಾಸಣೆ ದೇಶದಲ್ಲಿ ಯಾರಿಗೂ ಇರಲಿಲ್ಲ ಎಂಬುದು ಮಾಡಿದವರ ಉತ್ತರ. ನನಗೆ ಎರಡೂ ಕಡೆಯ ವಾದ ಓದಿದಾಗ ಎರಡೂ ಸರಿ ಅನ್ನಿಸುತ್ತದೆ, ಇವತ್ತಿಗೂ. ಆ ಪ್ರಶ್ನೆ ಬೇರೆ, ನನ್ನದು ಬೇರೆ. ಅಲ್ಲಿ ವಾದ ಇದೆ. ನಾನು ಮಾಡಿದ್ದಕ್ಕೆ ವಾದವೇನೂ ಇರಲಿಲ್ಲ.

ಹಾಳೆಯಲ್ಲಿ ಬರೆದೆ. ಮೊದಲ ಸಲ "ರೋಗಿಗೆ ಪೂರ್ಣ ಅರ್ಥವಾಗಿರಲಿಲ್ಲ" ಎಂದು ಬರೆದಿದ್ದೆ. ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ "ನಾನು ಹೇಳಿರಲಿಲ್ಲ" ಎಂದು ಬರೆದು, ಸಹಿ, ತಾರೀಖು ಹಾಕಿದೆ.

ಧರ್ಮಶಾಲೆಗೆ ಹೋದದ್ದು ಸಂಜೆ. ವಠಾರದ ತುಂಬ ಒಣಹಾಕಿದ ಬಟ್ಟೆ, ಎಂಟು ಹತ್ತು ಭಾಷೆ, ಸ್ಟೋವಿನ ಸದ್ದು. ಯಜಮಾನರು ನನಗೆ ಚಾ ತರಲು ಎದ್ದರು. ಬೇಡ ಅಂದರೂ ಕೇಳಲಿಲ್ಲ. ನಾನು ಅವ್ವನ ಎದುರು ನೆಲದ ಮೇಲೆ ಕೂತು, ಚೀಟಿಯ ಮಾತು ತಪ್ಪು ಎಂದೆ. ಆ ಚೀಟಿಯಲ್ಲಿ ದೇವರಿಲ್ಲ, ಕಂಪ್ಯೂಟರು ಕಣ್ಣುಮುಚ್ಚಿ ಎತ್ತಿದ್ದು, ಯಾವ ಔಷಧ ಛಲೋ ಎಂದು ಡಾಕ್ಟರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೇ ಈ ಪರೀಕ್ಷೆ ಎಂದೆ. ಹೇಳುವಾಗ ಎರಡು ಸಲ ನಾಲಿಗೆ ತೊದಲಿತು.

ಆಕೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಡಾಕ್ಟರಿಗೂ ಗೊತ್ತಿಲ್ಲ?" ಎಂದಳು.

"ಇಲ್ಲವ್ವಾ."

"ಇಷ್ಟ ದೊಡ್ಡ ದವಾಖಾನಿ, ಗೊತ್ತಿಲ್ಲ." ಸಿಟ್ಟಿಗಿಂತ ಹೆಚ್ಚಾಗಿ ಅದರಲ್ಲಿ ಬೆರಗಿತ್ತು. "ಹಂಗಾರ ಮದ್ಲ ಹೇಳಬೇಕಿತ್ತು. ಗೊತ್ತಿಲ್ಲ ಅಂತ ಹೇಳಾಕ ಏನ ತ್ರಾಸ? ನಾವೂ ಹೊಲದಾಗ ಎರಡ ತರದ ಬೀಜ ಹಾಕಿ ನೋಡ್ತೀವಿ. ಯಾವದ ಬರತೈತಿ ಯಾರಿಗ ಗೊತ್ತಿರತೈತಿ?"

ಇದಕ್ಕಿಂತ ಸರಿಯಾಗಿ ನಮ್ಮ ಪಠ್ಯಪುಸ್ತಕವೂ ಹೇಳಿಲ್ಲ. ಆಧುನಿಕ ಪರೀಕ್ಷೆಯ ಈ ಹಂಚಿಕೆಯ ಲೆಕ್ಕ ಹುಟ್ಟಿದ್ದೂ ಹೊಲದಲ್ಲೇ. ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಎಂಬ ಕೃಷಿ ಕೇಂದ್ರದಲ್ಲಿ ರೊನಾಲ್ಡ್ ಫಿಶರ್ 1920ರ ದಶಕದಲ್ಲಿ ಬೆಳೆ-ಗೊಬ್ಬರಗಳ ಮೇಲೆ ಅದನ್ನು ಕಟ್ಟಿದ್ದು. ಮನುಷ್ಯರ ಔಷಧಕ್ಕೆ ಬಂದದ್ದು ಆಮೇಲೆ. ಎರಡು ಸೆಮಿಸ್ಟರು ಅದನ್ನು ಓದಿದ್ದ ನನಗೆ ಜೋಳದ ಸೀಮೆಯವಳ ಎದುರು ಕೂತಾಗ ಬೀಜದ ಮಾತು ಹೊಳೆಯಲಿಲ್ಲ, ದೇವರ ಚೀಟಿ ಸಾಕಾಯಿತು.

"ಬಿಟ್ಟರ ಔಷಧ ಬಂದ್ ಮಾಡತಾರೇನು?" ಎಂದು ಯಜಮಾನರು ಕೇಳಿದರು. ಮಾಡುವುದಿಲ್ಲ, ರೂಢಿಯಲ್ಲಿರುವ ಚಿಕಿತ್ಸೆ ನಡೆಯುತ್ತದೆ, ಯಾರೂ ಏನೂ ಅನ್ನುವಂತಿಲ್ಲ ಎಂದೆ. ಮಗನನ್ನು ಕೇಳಿ ಹೇಳುತ್ತೇವೆ ಎಂದರು.

ಮುಂದಿನ ಮಂಗಳವಾರ ಬಂದು ಬಿಡುತ್ತೇನೆ ಎಂದಳು ಅವ್ವ. ಕಾರಣ ಕೇಳುವ ಹಕ್ಕು ನಮಗಿಲ್ಲ, ಕೇಳಲಿಲ್ಲ. ಆಕೆಯೇ ಹೇಳಿದಳು: "ಬೀಜ ಹಾಕಿ ನೋಡೂ ವಯಸ್ಸ ಹೋತ ತಂಗಿ." ಕಡತದಲ್ಲಿ ಆಕೆಯ ಸಂಖ್ಯೆಯ ಮುಂದೆ 'ಒಪ್ಪಿಗೆ ಹಿಂತೆಗೆದುಕೊಂಡರು' ಎಂದು ಬರೆದೆ. ದೀದಿ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ರೂಢಿಯ ಚಿಕಿತ್ಸೆ ಮುಗಿಸಿಕೊಂಡು ಅವ್ವ ಸೊಲ್ಲಾಪುರದ ಗಾಡಿ ಹಿಡಿದು ಊರಿಗೆ ಹೋದಳು. ಆರು ತಿಂಗಳಿಗೊಮ್ಮೆ ತೋರಿಸಲು ಬರಬೇಕು, ಒಂದು ಸಲ ಬಂದು ಹೋಗಿದ್ದಾಳೆ. ಕೂದಲು ಬೆಳೆದಿದೆ, ಬೆಳ್ಳಗೆ.

ಕನ್ನಡದ ಒಪ್ಪಿಗೆ ಪತ್ರವನ್ನು ಹೊಸದಾಗಿ ಬರೆಯುವ ಕೆಲಸ ಈಗ ನನ್ನ ತಲೆಗೆ ಬಂದಿದೆ. ಅಪ್ಪನಿಗೆ ಬಲು ಸಂತೋಷ. "ನಾ ಹೇಳಿದ್ದೇ ಖರೆ ಆಯ್ತಲ್ಲ, ಭಾಷಾಂತರ!" ಎಂದು ಮತ್ತೊಮ್ಮೆ ಚಾಳಿನಲ್ಲೆಲ್ಲ ಹೇಳಿ ಬಂದರು. ರಾತ್ರಿ ಊಟವಾದ ಮೇಲೆ ಒಂದೊಂದು ಪುಟವನ್ನು ಅವರಿಗೇ ಓದುತ್ತೇನೆ. ರಾತ್ರಿಶಾಲೆಯಲ್ಲಿ ಕಲಿತವರಿಗೆ ಅರ್ಥವಾಗದ ಮಾತನ್ನು ಹೊಡೆದುಹಾಕುತ್ತೇನೆ. ತೋಳು ಹೋಗಿ ಗುಂಪು ಬಂದಿದೆ. ವಿಚಾರಣೆ ಹೋಯಿತು. ಯಾದೃಚ್ಛಿಕೀಕರಣ ಹೋಗಿ, ಅದರ ಜಾಗದಲ್ಲಿ ಮೂರು ಸಣ್ಣ ವಾಕ್ಯ ಬಂದಿವೆ. ಮರಾಠಿಯ ವಾಸನೆಯಿಂದ ಚಿಕಿತ್ಸೆ ಎಂಬಲ್ಲೆಲ್ಲ ಉಪಚಾರ ಎಂದಿತ್ತು. ನಮ್ಮ ಕಡೆಯವರು ಅದನ್ನು ಓದಿದರೆ ಚಾ-ತಿಂಡಿ ಕೊಡುತ್ತಾರೆ ಎಂದುಕೊಂಡಾರು ಎಂದರು ಅಪ್ಪ, ಅದನ್ನೂ ತಿದ್ದಿದೆ. ಔಷಧದ ಹಾಗೇ ಕಾಣುವ, ಒಳಗೆ ಔಷಧವಿಲ್ಲದ ಗುಳಿಗೆಗೆ ಇನ್ನೂ ಒಳ್ಳೆಯ ಕನ್ನಡ ಸಿಕ್ಕಿಲ್ಲ. ಹುಸಿಗುಳಿಗೆ ಎಂದರೆ ಮೋಸ ಮಾಡುತ್ತಾರೆ ಎಂಬ ಧ್ವನಿ ಬರುತ್ತದೆ. ಸಂಘದ ಮಿತ್ರರಲ್ಲಿ ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ. ವಿಜಾಪುರ, ಬೀದರ, ಕಲಬುರಗಿ ಕಡೆಯವರು ಮುದ್ದಾಂ ತಿಳಿಸಿ.

ಐದನೆಯ ಪುಟದಲ್ಲಿದ್ದ ವಾಕ್ಯವನ್ನು ಮೊದಲ ಪುಟಕ್ಕೆ ತಂದಿದ್ದೇನೆ. "ಇವೆರಡರಲ್ಲಿ ಯಾವುದು ಒಳ್ಳೆಯದು ಎಂದು ನಮಗೆ ಗೊತ್ತಿಲ್ಲ. ಹೊಲದಲ್ಲಿ ಎರಡು ತರದ ಬೀಜ ಹಾಕಿ ನೋಡುವ ಹಾಗೆ ನೋಡುತ್ತಿದ್ದೇವೆ." ಮೇಲಿನವರು ಕರಡನ್ನು ನೋಡಿ ಹಿಂದಕ್ಕೆ ಕಳಿಸಿದ್ದಾರೆ. ಆ ವಾಕ್ಯದ ಪಕ್ಕದಲ್ಲಿ ಪೆನ್ಸಿಲಿನಲ್ಲಿ, "ರೋಗಿ ಹೆದರಬಹುದು, ಸ್ವಲ್ಪ ಮೃದು ಮಾಡಬಹುದೇ?" ಎಂದು ಬರೆದಿದೆ. ನಾನು ಹಾಗೇ ಬಿಟ್ಟು ಸಮಿತಿಗೆ ಕಳಿಸಿದ್ದೇನೆ. ಮುಂದಿನ ಗುರುವಾರ ಸಭೆ.